ಮರದ ಕೊಳಲು ಬರೋ ತನಕ

ಜನವರಿ 9

ಏಣಿ,

ನಿನ್ನನ್ನ ಹೀಗೆ ಕರೆಯೋ ಸಲಿಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನಾದಿನಿ ಅನ್ನೋಣ ಅಂದ್ರೆ ನಿಮ್ಮಣ್ಣನಿಗೂ ನನಗೂ ಇದ್ದ ಗಂಟು ಕೋರ್ಟಿನಲ್ಲಿ ಬಿಚ್ಚಿ ಆರು ವರ್ಷ ಆಯ್ತು. ಗೆಳತಿ ಅನ್ನೋಣ ಅಂದ್ರೆ ಆ ಆರು ವರ್ಷದಲ್ಲಿ ನೀನೂ ಒಂದು ಸಾಲು ಬರೀಲಿಲ್ಲ, ನಾನೂ ಬರೀಲಿಲ್ಲ. ಹಾಗಾಗಿ ಅದಕ್ಕೂ ಮುಂಚಿನದೇ ಸರಿ ಅನ್ನಿಸಿತು. ಶನಿವಾರ ಸಂಜೆ ಟೀ ಅಂಗಡಿ ಮಹಡಿಯಲ್ಲಿ ನಾನು ಪಿಟೀಲು ಕುಯ್ತಾ, ನೀನು ನಿನ್ನ ಐರಿಶ್ ಕೊಳಲು ಊದ್ತಾ ಇದ್ದಾಗ ಇಟ್ಟುಕೊಂಡ ಹೆಸರು. ಉದ್ದಕ್ಕಿದ್ದ ನೀನು ಏಣಿ, ಗಿಡ್ಡಕ್ಕಿದ್ದು ಬೇಗ ಉರಿಯೋ ನಾನು ಬೆಂಕಿಪೊಟ್ಟಣ.

ವಿಷಯಕ್ಕೆ ಬರ್ತೀನಿ. ಮೂರು ವರ್ಷದಿಂದ ನಾನು ಒಂದು ನದಿ ಹಡಗಿನಲ್ಲಿದ್ದೀನಿ. ಪ್ರವಾಸಿಗರ ಹಡಗು. ಏಪ್ರಿಲ್‌ನಲ್ಲಿ ಹೊರಟ್ರೆ ಚಳಿ ಶುರುವಾಗೋ ತನಕ ನದಿ ಮೇಲೆ ಕೆಳಗೆ ಓಡಾಡ್ತಾನೇ ಇರುತ್ತೆ. ಚಳಿಗಾಲದಲ್ಲಿ ಧಕ್ಕೆಗೆ ಕಟ್ಟಿ ನಿಲ್ಲಿಸ್ತಾರೆ, ಆಗಲೂ ನಾನು ಇದರಲ್ಲೇ ಇರ್ತೀನಿ. ಬೆಳಿಗ್ಗೆ ಹೊತ್ತು ಹಾಸಿಗೆ ಬಟ್ಟೆ ಒಗೆಯೋ ಕೋಣೆಯಲ್ಲಿ ಕೆಲಸ, ಸಂಜೆ ಊಟದ ಹಾಲ್‌ನಲ್ಲಿ ಪಿಟೀಲು. ನನ್ನ ಜೊತೆ ಕೊಳಲು ಊದ್ತಿದ್ದವನು ಈ ಸಲ ಬರಲ್ಲ ಅಂದಿದ್ದಾನೆ, ಬೆನ್ನು ಹಿಡ್ಕೊಂಡಿದೆಯಂತೆ. ನಮ್ಮ ಮ್ಯಾನೇಜರಮ್ಮ, "ನಿನಗೆ ಯಾರಾದ್ರೂ ಗೊತ್ತಾ?" ಅಂತ ಕೇಳಿದ್ರು. ಯೋಚನೆ ಮಾಡೋಕೆ ಮುಂಚೆನೇ "ಗೊತ್ತು" ಅಂದುಬಿಟ್ಟೆ.

ಬರ್ತೀಯಾ? ಓದಿದ ಕೂಡಲೇ ಇಲ್ಲ ಅನ್ನಬೇಡ. ಒಂದು ಸಲ ಮಡಚಿಟ್ಟು, ಮತ್ತೆ ತೆಗೆದು ಓದಿ, ಆಮೇಲೆ ಬೇಕಾದ್ರೆ ಬಯ್ಯಿ.

ನಿಮ್ಮಣ್ಣ ಹೇಗಿದ್ದಾರೆ ಅಂತ ನಾನೇನೂ ಕೇಳ್ತಿಲ್ಲ. ನೀನಾಗಿ ಬರೆದ್ರೆ ಓದ್ತೀನಿ, ಅಷ್ಟೇ.

ಉತ್ತರದ ದಾರಿ ನೋಡ್ತಾ,
ಬೆಂಕಿಪೊಟ್ಟಣ


ಜನವರಿ 20

ಬೆಂಕಿಪೊಟ್ಟಣ,

ನಿನ್ನ ಕಾಗದ ಬಂದಾಗ ನಾನು ಯಾರದೋ ಕೆಳದವಡೆ ಹಿಡ್ಕೊಂಡು ಕೂತಿದ್ದೆ. ಅದೇ ಹಲ್ಲಿನ ಲ್ಯಾಬು, ಅದೇ ಕಿಟಕಿ ಪಕ್ಕದ ಮೇಜು. ಮನೆಗೆ ಬರೀದೆ ಲ್ಯಾಬಿನ ವಿಳಾಸಕ್ಕೆ ಬರೆದಿದ್ದೀಯ, ಜಾಣೆ. ಎದುರಿಗೆ ಸಾಲಾಗಿ ಒಣಗೋಕೆ ಇಟ್ಟಿದ್ದ ಸೆಟ್ಟುಗಳೆಲ್ಲ ನನ್ನ ಮುಖ ನೋಡಿ ಹಲ್ಲು ಕಿರಿದವು. ಕಾಗದ ಏಪ್ರನ್ ಜೇಬಿಗೆ ತುರುಕಿ, ಆ ದವಡೆಯ ಒಂದು ಹಲ್ಲನ್ನ ಬೇಕಾದ್ದಕ್ಕಿಂತ ಜಾಸ್ತಿ ಉಜ್ಜಿಬಿಟ್ಟೆ. ಮತ್ತೆ ಮೊದಲಿಂದ ಅಚ್ಚು ಹಾಕಬೇಕಾಯ್ತು. ಆರು ವರ್ಷ ಆದ ಮೇಲೂ ನಿನ್ನ ದೆಸೆಯಿಂದ ನನಗೆ ಡಬಲ್ ಕೆಲಸ.

ಬಯ್ಯೋಣ ಅಂತಲೇ ಕೂತೆ. ಆಗ್ತಿಲ್ಲ. ಅದಕ್ಕೆ ನಿಜ ಹೇಳ್ತೀನಿ, ನನ್ನ ಹತ್ರ ಈಗ ಕೊಳಲಿಲ್ಲ.

ಹಳೇದು ಎರಡು ಚಳಿಗಾಲದ ಹಿಂದೆ ಬಿರುಕು ಬಿಟ್ಟಿತು. ನಾನೇ ಪೆದ್ದಿ, ಹೀಟರ್ ಮೇಲಿನ ಗೂಡಿನಲ್ಲಿ ಇಟ್ಟಿದ್ದೆ. ಒಂದು ಬೆಳಿಗ್ಗೆ ತೆಗೆದು ನೋಡ್ತೀನಿ, ಊದೋ ತೂತಿನಿಂದ ತುದಿವರೆಗೆ ಕೂದಲೆಳೆಯಂಥ ಗೆರೆ. ಊದಿದ್ರೆ ಬರೀ ಗಾಳಿ. ಆಗಲೇ ಹೊಸದಕ್ಕೆ ಹೇಳಿದೆ. ಬೆಟ್ಟದ ಕಡೆ ಒಬ್ಬರು ಕೊಳಲು ಮೇಸ್ತ್ರಿ ಇದ್ದಾರೆ, ಕರೀಮರದಲ್ಲಿ ಐರಿಶ್ ಕೊಳಲು ಮಾಡೋರು. ಅವರ ಕೈಯಿಂದ ಒಂದು ಕೊಳಲು ಬರಬೇಕಾದ್ರೆ ಜನ ಸಾಲಿನಲ್ಲಿ ಕಾಯ್ತಾರೆ. ಫೋನ್ ಮಾಡಿದಾಗೆಲ್ಲ ಒಂದೇ ಮಾತು: "ಆಗ್ತಾ ಇದೆಯಮ್ಮ." ಎಷ್ಟು ಆಗಿದೆ ಅಂದ್ರೆ, "ಆಗ್ತಾ ಇದೆ."

ಕೈ ಸುಮ್ಮನೆ ಇರಲ್ಲ ಕಣೇ. ಲ್ಯಾಬಿನ ಮೇಜಿನ ಅಂಚು, ಬಸ್ಸಿನ ಕಂಬಿ, ಪೊರಕೆ ಹಿಡಿ, ಏನು ಸಿಕ್ಕಿದ್ರೂ ಆರು ಬೆರಳು ತಾನಾಗಿ ಕುಣಿಯುತ್ತೆ. ಮೊನ್ನೆ ಬಸ್ಸಿನಲ್ಲಿ ಒಬ್ಬರು ಅಜ್ಜಿ, "ನರದ ತೊಂದರೆನಾ ಮಗಳೇ?" ಅಂತ ಕೇಳಿದ್ರು. ಕುಂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಪೋಸ್ಟ್‌ಮ್ಯಾನ್ ನನ್ನನ್ನ ಕಂಡ್ರೆ ದೂರದಿಂದಲೇ ತಲೆ ಆಡಿಸ್ತಾನೆ, ಇಲ್ಲ ಅಂತ.

ಹಡಗಿಗೆ ಬರ್ತೀನಿ ಅಂತಲೂ ಹೇಳಲ್ಲ, ಬರಲ್ಲ ಅಂತಲೂ ಹೇಳಲ್ಲ. ಮರದ ಕೊಳಲು ಬರೋ ತನಕ ನನ್ನನ್ನ ಏನೂ ಕೇಳಬೇಡ.

ಅಣ್ಣ ಚೆನ್ನಾಗಿದ್ದಾನೆ. ಲಿಫ್ಟ್ ರಿಪೇರಿ ಕೆಲಸ, ಅದೇ ಕಂಪನಿ. ಮೂರನೇ ಮಹಡಿಯ ಅದೇ ಮನೆಯಲ್ಲಿ ಇಬ್ಬರೂ ಇದ್ದೀವಿ. ಸ್ವಲ್ಪ ಹೊಟ್ಟೆ ಬಂದಿದೆ. ನೀನು ಬರೆದದ್ದು ಅವನಿಗೆ ಹೇಳಿಲ್ಲ.

ಬೆರಳು ಕುಣಿಸ್ತಾ,
ಏಣಿ


ಫೆಬ್ರವರಿ 2

ಏಣಿ,

ಮರದ್ದು ತರಬೇಡ.

ನಾನು ಹೇಳೋದು ಪೂರ್ತಿ ಕೇಳು. ಈ ಹಡಗಿನಲ್ಲಿ ಕೆಲಸದವರ ಕೋಣೆಗಳಿರೋದು ನೀರಿನ ಮಟ್ಟಕ್ಕಿಂತ ಕೆಳಗೆ. ಒಂದು ಗೋಡೆಯಾಚೆ ನದಿ, ಇನ್ನೊಂದು ಗೋಡೆಯಾಚೆ ಇಂಜಿನ್. ಒಂದು ಕಡೆ ಕೈ ಇಟ್ರೆ ಪಸೆ, ಇನ್ನೊಂದು ಕಡೆ ಕೈ ಇಟ್ರೆ ಚುರುಕ್. ಮೇಲೆ ಊಟದ ಹಾಲ್‌ನಲ್ಲಿ ತಣ್ಣಗಿನ ಗಾಳಿಯ ಯಂತ್ರ. ಅಲ್ಲಿಂದ ಡೆಕ್ಕಿಗೆ ಬಂದ್ರೆ ಬಿಸಿಲು. ಒಂದೇ ಸಂಜೆಯಲ್ಲಿ ಮೂರು ಋತು. ನಮ್ಮ ಕೊಳಲಿನವನದು ಒಳ್ಳೇ ಮರದ್ದೇ. ಮೊದಲನೇ ವರ್ಷ ಒಂದು ಕಡೆ ಸೀಳಿತು, ಅಂಟು ಹಾಕಿದ. ಎರಡನೇ ವರ್ಷ ಇನ್ನೊಂದು ಕಡೆ ಸೀಳಿತು, ದಾರ ಸುತ್ತಿದ. ಕೊನೆಗೆ ಅದು ಕೊಳಲಿನ ಹಾಗೆ ಕಾಣ್ತಿರಲಿಲ್ಲ, ಕಾಲು ಮುರಿದವರ ಬ್ಯಾಂಡೇಜಿನ ಹಾಗಿತ್ತು. ಅವನಿಗೆ ಬೆನ್ನು ನೋವು ಅಂತೆ, ನನಗೇನೋ ಆ ಕೊಳಲಿನ ನೋವೇ ಅನ್ನಿಸುತ್ತೆ.

ಈಗ ಗಟ್ಟಿ ಪ್ಲಾಸ್ಟಿಕ್ ರಾಡ್ ಕಡೆದು ಐರಿಶ್ ಕೊಳಲು ಮಾಡ್ತಾರೆ. ನೀರು ಬಿದ್ರೂ ಆಯ್ತು, ಬಿಸಿಲಲ್ಲಿ ಮರೆತ್ರೂ ಆಯ್ತು. ನಲ್ಲಿ ಕೆಳಗೆ ಹಿಡಿದು ತೊಳೀಬಹುದು. ಬಿಚ್ಚಿ ತುಂಡು ಮಾಡಿ ಕಾಲುಚೀಲದಲ್ಲಿ ತುರುಕಬಹುದು. ತಿರುಗೋರಿಗೆ ಅದೇ ಸರಿ. ನಿಮ್ಮ ಮೇಸ್ತ್ರಿ ಮಾಡ್ತಾರಾ ಕೇಳು.

ಹೊಟ್ಟೆ ಬಂದಿದೆ ಅಂದ್ಯಲ್ಲ. ಅವರು ಊಟ ಬಿಟ್ಟು ಕೆಲಸಕ್ಕೆ ಓಡೋ ಜಾತಿ. ಹೊಟ್ಟೆ ಎಲ್ಲಿಂದ ಬಂತು? ಸುಮ್ಮನೆ ಕೇಳಿದೆ.

ಒಗೆಯೋ ಕೋಣೆಯ ಹಬೆಯೊಳಗಿಂದ,
ಬೆಂಕಿಪೊಟ್ಟಣ


ಫೆಬ್ರವರಿ 19

ಬೆಂಕಿಪೊಟ್ಟಣ,

ಪ್ಲಾಸ್ಟಿಕ್! ಬೆಳಿಗ್ಗೆಯಿಂದ ಸಂಜೆ ತನಕ ನಾನು ಜನರ ಬಾಯಿಗೆ ಪ್ಲಾಸ್ಟಿಕ್ ಮಾಡಿ ಕೊಡ್ತೀನಿ. ಈಗ ನನ್ನ ಬಾಯಿಗೂ ಅದನ್ನೇ ಇಡ್ತೀಯಾ? ನಿನ್ನ ಕಾಗದ ಓದಿ ಉರಿದುಹೋಯ್ತು. ಆ ಉರಿಯಲ್ಲೇ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಮೇಸ್ತ್ರಿ ಎದುರು ನಿಂತು ನನ್ನ ಕೊಳಲು ಕಣ್ಣಾರೆ ನೋಡಿ ಬರಬೇಕು ಅಂತ.

ಅವರ ಶೆಡ್ಡು ಒಂದು ಮರದ ಡಿಪೋ ಹಿಂದೆ ಇದೆ. ಒಳಗೆ ಲೇತು, ಎಣ್ಣೆ ವಾಸನೆ, ನೆಲದ ಮೇಲೆ ಕರೀ ಹೊಟ್ಟು. ಮೇಸ್ತ್ರಿ ನಾನು ಅಂದ್ಕೊಂಡಷ್ಟು ಮುದುಕರಲ್ಲ, ಮಾತಿನಲ್ಲಿ ಮಾತ್ರ ಮುದುಕರು.

"ನನ್ನ ಕೊಳಲು ಎಲ್ಲಿ?" ಅಂದೆ. ನಮಸ್ಕಾರನೂ ಹೇಳಲಿಲ್ಲ.

ಗೋಡೆ ಮೇಲಿನ ಹಲಗೆ ತೋರಿಸಿದ್ರು. ಅಲ್ಲಿ ದಪ್ಪ ದಪ್ಪ ಮರದ ತುಂಡುಗಳು, ಒಂದೊಂದಕ್ಕೂ ಸೀಮೆಸುಣ್ಣದ ಗುರುತು. "ಅಗೋ, ಬಲಗಡೆಯಿಂದ ಎರಡನೇದು."

"ಅದಿನ್ನೂ ತುಂಡು!"

"ಒಳಗೆ ತೂತು ಕೊರೆದಿದ್ದೀನಿ. ಕೊರೆದ ಮೇಲೆ ಮರ ಮಿಸುಕಾಡುತ್ತಮ್ಮ. ಅದರ ಮಿಸುಕಾಟ ನಿಲ್ಲೋ ತನಕ ನಾನು ಮುಟ್ಟಲ್ಲ."

"ಯಾವಾಗ ನಿಲ್ಲುತ್ತೆ? ಏಪ್ರಿಲ್‌ನಲ್ಲಿ ನಾನು ಹಡಗು ಹತ್ತಬೇಕು."

ಬಾಯಿಂದ ಬಂದುಬಿಟ್ಟಿತು ಕಣೇ. ನಾನು ಹತ್ತಬೇಕು ಅಂತ ನಿರ್ಧಾರ ಮಾಡಿರಲೇ ಇಲ್ಲ. ಮೇಸ್ತ್ರಿ ಕನ್ನಡಕ ತೆಗೆದು ನನ್ನನ್ನ ನೋಡಿದ್ರು. "ಹಡಗಿಗಾ? ಮೊದಲೇ ಹೇಳಬಾರದಾ ತಾಯಿ? ಹಡಗಿಗೆ ನಾನು ಮರ ಕೊಡಲ್ಲ. ಅದು ಸೀಳಿದ್ರೆ ಬೈಸ್ಕೊಳ್ಳೋನು ನಾನು."

ಅಂತ ಹೇಳಿ ಕಿಟಕಿ ಹತ್ರ ಹೋದ್ರು. ಗಾಳಿಗೆ ಕಿಟಕಿ ಬಡಿದುಕೊಳ್ಳದೆ ಇರಲಿ ಅಂತ ಅಲ್ಲೊಂದು ಕರೀ ಕೊಳವೆ ಸಿಕ್ಕಿಸಿಟ್ಟಿದ್ರು. ಅದನ್ನ ಎಳೆದ್ರು, ಕಿಟಕಿ ಧಡಾರ್ ಅಂತ ಮುಚ್ಚಿಕೊಳ್ತು. ನಲ್ಲಿ ಕೆಳಗೆ ತೊಳೆದು, ಅಂಗಿಗೆ ಒರೆಸಿ, "ಊದಮ್ಮ" ಅಂತ ಕೈಗೆ ಕೊಟ್ರು. ಅದೇ ನಿನ್ನ ಪ್ಲಾಸ್ಟಿಕ್ಕು!

ಕೆಟ್ಟದಾಗಿ ಊದೋಣ ಅಂತಲೇ ಊದಿದೆ. ಬೆಂಕಿಪೊಟ್ಟಣ, ಅದು ಅಷ್ಟು ಚೆನ್ನಾಗಿರಬಾರದಿತ್ತು. ಕೆಳಗಿನ ಸ್ವರ ಶೆಡ್ಡಿನ ತಗಡು ಅದುರೋ ಹಾಗೆ ಬಂತು. ಎರಡು ವರ್ಷದಿಂದ ಊದದೆ ಇದ್ದ ನನ್ನ ತುಟಿ ಒಂದೆರಡು ನಿಮಿಷಕ್ಕೇ ನಡುಗೋಕೆ ಶುರು ಮಾಡಿತು. ಆದ್ರೂ ನಿಲ್ಲಿಸೋಕೆ ಮನಸ್ಸು ಬರಲಿಲ್ಲ. ಮೇಸ್ತ್ರಿ ಲೇತಿನ ಕಡೆ ತಿರುಗಿಕೊಂಡೇ ಹೇಳ್ತಾ ಹೋದ್ರು. ತಿರುಗಾಟಕ್ಕಾದ್ರೆ ನಡುವಿನ ತುಂಡನ್ನ ಎರಡಾಗಿ ಮಾಡಿಸ್ಕೊ, ಚಿಕ್ಕ ಚೀಲಕ್ಕೆ ಹೋಗುತ್ತೆ. ತೂತು ಮುಚ್ಚೋ ಲೋಹದ ಕೀ ಒಂದೂ ಬೇಡ, ಹೊರಗೆ ಮೊದಲು ಕೆಡೋದೇ ಅದು. ನಿನ್ನ ಬೆರಳು ಉದ್ದ, ತೂತು ದೊಡ್ಡದೇ ಇರಲಿ. ಭಾರ ನೋಡು, ಸಂಜೆಯೆಲ್ಲ ನಿಂತು ಊದೋಳಿಗೆ ಮೊದಲು ಸೋಲೋದು ಭುಜ.

ನಾನು ಕೊಳಲನ್ನ ಮೇಜಿನ ಮೇಲೆ ಇಟ್ಟೆ. "ಯೋಚಿಸಿ ಹೇಳ್ತೀನಿ" ಅಂದು ಬಸ್ಸು ಹತ್ತಿ ವಾಪಸ್ ಬಂದೆ.

ಎರಡು ವರ್ಷ ಕಾದದ್ದು ಕಿಟಕಿಗೆ ಆನಿಸಿದ್ದ ಕೊಳವೆಗಾ?

ಅಣ್ಣನ ಹೊಟ್ಟೆ ವಿಷಯ ನನಗೂ ಅರ್ಥ ಆಗಿಲ್ಲ. ಮನೆಯಲ್ಲಿ ಅವನು ತಿನ್ನೋದು ಗುಬ್ಬಿ ತಿಂದಷ್ಟು.

ತಲೆ ಕೆಟ್ಟ,
ಏಣಿ


ಫೆಬ್ರವರಿ 27

ಏಣಿ,

ಕೊಳಲು ಇಲ್ಲ ಅಂದೆ. ಕೊಳಲು ಕೈಗೆ ಬಂತು, ಇಟ್ಟು ಬಂದೆ. ಹಾಗಾದ್ರೆ ನೀನು ಕಾಯ್ತಿರೋದು ಕೊಳಲಿಗಲ್ಲ. ಅಡ್ಡಗೋಡೆ ಮೇಲೆ ದೀಪ ಇಡಬೇಡ, ನೇರವಾಗಿ ಹೇಳು.

ನೀನು ಹೇಳದಿದ್ರೂ ನನಗೆ ಗೊತ್ತು. ನೀನು ಹೋದ್ರೆ ಅವರಿಗೆ ಯಾರು ಅಂತ ತಾನೇ? ನಾನು ಆ ಮನೆ ಬಿಟ್ಟ ದಿನ ನೀನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ, ಕೈಯಲ್ಲಿ ಅವರ ಊಟದ ಡಬ್ಬಿ ಇತ್ತು. ಆ ಡಬ್ಬಿಯನ್ನ ಇವತ್ತಿಗೂ ಕೆಳಗೆ ಇಟ್ಟಿಲ್ಲ ನೀನು.

ಅವರು ಕೆಟ್ಟವರಲ್ಲ. ನಾನು ಎಲ್ಲೂ ಹಾಗೆ ಹೇಳಿಲ್ಲ. ಆದ್ರೆ ಇಡೀ ದಿನ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡೋ ಮನುಷ್ಯ, ಪಕ್ಕಕ್ಕೆ ಒಂದು ಹೆಜ್ಜೆ ಇಡೋಕೆ ಒಪ್ಪಲಿಲ್ಲ. ಊರು ಬಿಟ್ಟು ಒಂದು ವಾರ ಎಲ್ಲಾದ್ರೂ ಹೋಗೋಣ ಅಂದ್ರೆ, "ಯಾರಾದ್ರೂ ಲಿಫ್ಟಿನಲ್ಲಿ ಸಿಕ್ಕಿ ಹಾಕ್ಕೊಂಡ್ರೆ?" ಅಂತಿದ್ರು. ನಾನು ಸಿಕ್ಕಿ ಹಾಕ್ಕೊಂಡಿದ್ದು ಮಾತ್ರ ಅವರಿಗೆ ಕಾಣಲಿಲ್ಲ. ಈಗ ಅದೆಲ್ಲ ಯಾಕೆ. ಮೊದಮೊದಲು ಸಿಟ್ಟಿತ್ತು. ಈಗ ನದಿ ತಿರುವಿನಲ್ಲಿ ಏನಾದ್ರೂ ಚಂದದ್ದು ಕಂಡ್ರೆ ಇದನ್ನ ಅವರಿಗೆ ತೋರಿಸಬೇಕಿತ್ತು ಅನ್ನಿಸುತ್ತೆ. ವಯಸ್ಸಾಗ್ತಿದೆ ಅಂತ ಕಾಣುತ್ತೆ.

ಅಕಾರ್ಡಿಯನ್ ಬಾರಿಸೋ ಒಬ್ಬ ಮ್ಯಾನೇಜರಮ್ಮನ ಹಿಂದೆ ಬಿದ್ದಿದ್ದಾನೆ. ಮಾರ್ಚ್ ಮಧ್ಯಕ್ಕೆ ನಿನ್ನ ಉತ್ತರ ಬರದಿದ್ರೆ ಅವನೇ. ಅವನು ಬಾರಿಸುವಾಗ ಕಣ್ಣು ಮುಚ್ಕೊಂಡು ತುಟಿ ಕಚ್ತಾನೆ. ಏಳು ತಿಂಗಳು ಆ ಮುಖ ನೋಡೋಕೆ ನನ್ನ ಕೈಲಿ ಆಗಲ್ಲ. ಕರುಣೆ ಇರಲಿ.

ಕಾಯೋಕೆ ಬರದ,
ಬೆಂಕಿಪೊಟ್ಟಣ


ಮಾರ್ಚ್ 12

ಬೆಂಕಿಪೊಟ್ಟಣ,

ಬರ್ತಿದ್ದೀನಿ! ನಾನು ಬರ್ತಿದ್ದೀನಿ!

ಕೂತ್ಕೊಂಡು ಓದು, ನಗು ಬಂದು ಬಿದ್ದುಬಿಡ್ತೀಯ. ಭಾನುವಾರ ಮಧ್ಯಾಹ್ನ ಅಣ್ಣ ಬಾಲ್ಕನಿ ಬಾಗಿಲಿಗೆ ಎಣ್ಣೆ ಬಿಡ್ತಾ ಇದ್ದ. ನಿನ್ನ ಡಬ್ಬಿ ಮಾತು ನನ್ನೊಳಗೆ ಕೊರೀತಾ ಇತ್ತು. ಎಷ್ಟು ಹೊತ್ತು ಅಂತ ನುಂಗಿಕೊಳ್ಳಲಿ? ಹೋಗಿ ಹಿಂದೆ ನಿಂತು ಕೇಳಿಯೇಬಿಟ್ಟೆ.

"ಅಣ್ಣಾ, ಒಂದು ಏಳು ತಿಂಗಳು ನಾನು ಮನೇಲಿರಲ್ಲ ಅಂದ್ರೆ ನಿನಗೆ ಕಷ್ಟ ಆಗುತ್ತಾ?"

ಎಣ್ಣೆ ಡಬ್ಬಿ ಕೈಜಾರಿ ನೆಲಕ್ಕೆ ಬಿತ್ತು. "ಯಾವಾಗ?"

"ಏಪ್ರಿಲ್‌ನಲ್ಲಿ."

"ಶುರುವಿನಲ್ಲಾ, ಕೊನೆಯಲ್ಲಾ?"

ಎಲ್ಲಿಗೆ ಅಂತ ಕೇಳಲಿಲ್ಲ, ಯಾಕೆ ಅಂತ ಕೇಳಲಿಲ್ಲ, ಶುರುವಿನಲ್ಲಾ ಕೊನೆಯಲ್ಲಾ ಅಂತೆ! "ಏನು ಅಷ್ಟು ಅವಸರ? ನನ್ನನ್ನ ಕಳಿಸೋಕೆ ಕಾಯ್ತಿದ್ಯಾ?" ಅಂದೆ. ಅವನ ಕಿವಿ ಕೆಂಪಾಯ್ತು. ಚಿಕ್ಕಂದಿನಲ್ಲಿ ಕದ್ದು ಸಿಕ್ಕಿಬಿದ್ದಾಗ ಆಗ್ತಿತ್ತಲ್ಲ, ಹಾಗೆ. ನೆಲದ ಎಣ್ಣೆ ಒರೆಸ್ತಾ ಒರೆಸ್ತಾ ಎಲ್ಲ ಹೇಳಿದ.

ನಮ್ಮ ಬೀದಿ ಕೊನೇಲಿ ಒಂದು ಕೀಲಿಕೈ ಅಂಗಡಿ ಇದೆ. ನೀನು ಇದ್ದಾಗ ಇರಲಿಲ್ಲ. ಅದನ್ನ ನಡೆಸೋರು ಒಬ್ಬರು ಹೆಂಗಸು, ಗಂಡ ತೀರಿಕೊಂಡವರು. ಲಿಫ್ಟ್ ಕೋಣೆಯ ಕೀಲಿ ಮಾಡಿಸೋಕೆ ಅಂತ ಅಣ್ಣ ಹೋದದ್ದಂತೆ. ಒಂದು ಕೀಲಿ ಆಯ್ತು, ಎರಡು ಆಯ್ತು. ಊರಿನಲ್ಲಿ ಅಷ್ಟು ಬೀಗ ಎಲ್ಲಿದೆ! ಕೆಲಸ ಮುಗಿಸಿ ದಿನಾ ಅಲ್ಲಿ ಊಟ ಮಾಡಿ, ಮನೆಗೆ ಬಂದು ನನಗೆ ಬೇಜಾರಾಗಬಾರದು ಅಂತ ಮತ್ತೆ ಎರಡು ತುತ್ತು ತಿಂತಿದ್ದ. ಹೊಟ್ಟೆಯ ಲೆಕ್ಕ ಸರಿ ಹೋಯ್ತಲ್ಲ!

"ನನಗೆ ಯಾಕೆ ಹೇಳಲಿಲ್ಲ?" ಅಂದೆ.

"ಏನಂತ ಹೇಳಲಿ? ಈ ಮನೆಗೆ ಒಂದು ಸಲ ಒಬ್ಬಳನ್ನ ಕರ್ಕೊಂಡು ಬಂದು ನಿನ್ನ ಗೆಳತೀನ ಕಳೆದೆ. ಇನ್ನೊಬ್ಬಳನ್ನ ಕರ್ಕೊಂಡು ಬಂದು ನಿನ್ನ ಮನೇನೂ ಕಳೀಲಾ?"

ನಾನು ಅವನಿಗೋಸ್ಕರ ಅಡುಗೆ ಮಾಡ್ತಾ ಕೂತೆ, ಅವನು ನನಗೋಸ್ಕರ ಉಣ್ಣುತ್ತಾ ಕೂತ. ಇಬ್ಬರೂ ನೆಲದ ಮೇಲೆ ಕೂತು, ಎಣ್ಣೆ ಬಟ್ಟೆ ನಡುವೆ ಇಟ್ಕೊಂಡು, ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಸಂಜೆ ಅವರನ್ನ ಮನೆಗೆ ಕರ್ಕೊಂಡು ಬಂದ. ಮೆಟ್ಟಿಲಿಂದಲೇ ಅವರಿಬ್ಬರ ನಗು ಕೇಳಿಸ್ತಿತ್ತು. ಅಣ್ಣ ಹಾಗೆ ಜೋರಾಗಿ ನಗೋದನ್ನ ನಾನು ಕೇಳಿಯೇ ಇರಲಿಲ್ಲ. ಅವರು ಏನೋ ಒಂದು ಮಾತು ಅಂತಾರೆ, ಇವನು ಬಗ್ಗಿಬಿಡ್ತಾನೆ. ಮಳೆಗಾಲ ಮುಗಿದ ಮೇಲೆ ಮದುವೆ ಅಂತ ಮಾತಾಡ್ಕೊಂಡಿದ್ದಾರೆ.

ಮೇಸ್ತ್ರಿಗೆ ಫೋನ್ ಮಾಡಿ ಆ ಪ್ಲಾಸ್ಟಿಕ್ಕಿನದನ್ನೇ ನಡುವೆ ಎರಡು ತುಂಡು ಮಾಡಿ ಕೊಡಿ ಅಂದೆ. "ಮೊದಲೇ ಮಾಡಿಟ್ಟಿದ್ದೀನಿ" ಅಂದ್ರು. ಲ್ಯಾಬಿನಲ್ಲಿ ಡಾಕ್ಟರಮ್ಮನಿಗೆ ಹೇಳಿದೆ, ಸ್ವಲ್ಪ ಮುಖ ಸಿಂಡರಿಸಿದ್ರು, ಆಮೇಲೆ ಒಪ್ಪಿದ್ರು. ಮ್ಯಾನೇಜರಮ್ಮನಿಗೆ ಹೇಳಿಬಿಡು. ಆ ತುಟಿ ಕಚ್ಚೋನನ್ನ ಓಡಿಸು.

ಕಾಲಿಗೆ ಚಕ್ರ ಕಟ್ಟಿಕೊಂಡ,
ಏಣಿ


ಮಾರ್ಚ್ 30

ಏಣಿ,

ಜಾಗ ತುಂಬಿತು. ಅಕಾರ್ಡಿಯನ್ನಿನವನನ್ನೇ ತಗೊಂಡ್ರು. ಬರೆಯೋಕೆ ತಡ ಆಯ್ತು. ನೀನು ಬರಬೇಡ.

ಮರದ ಕೊಳಲು ಹೇಗೂ ಬರುತ್ತೆ, ಅದಕ್ಕೇ ಕಾಯಿ. ಮನೆಯಲ್ಲಿ ಮದುವೆ ಇದೆಯಲ್ಲ, ಕೆಲಸ ಇರುತ್ತೆ.

ನಿನ್ನಣ್ಣ ಜೋರಾಗಿ ನಗ್ತಾನೆ ಅಂತ ಬರೆದಿದ್ದೀಯ. ಒಳ್ಳೇದಾಯ್ತು. ಅವನಿಗೆ ನನ್ನ ವಿಷಯ ಏನೂ ಹೇಳಬೇಡ.

ನಾನು


ಏಪ್ರಿಲ್ 8

ಬೆಂಕಿಪೊಟ್ಟಣ,

ನಿನ್ನ ಕಾಗದ ಓದಿ ಮೊದಲು ಕೂಗಾಡಿದೆ. ಚೀಲಕ್ಕೆ ಹಾಕಿದ್ದ ಬಟ್ಟೆಯೆಲ್ಲ ಹೊರಗೆ ಎಸೆದೆ. ಎರಡು ದಿನ ಗೋಡೆಯಿಂದ ಗೋಡೆಗೆ ನಡೆದೆ. ಕೆಳಗಿನ ಮನೆಯವರು ಚಾವಣಿ ತಟ್ಟಿದ್ರು. ಆಮೇಲೆ ಹಡಗಿನ ಕಂಪನಿಗೆ ಫೋನ್ ಮಾಡಿ ನಿಮ್ಮ ಮ್ಯಾನೇಜರಮ್ಮನ ಹತ್ರ ಮಾತಾಡಿದೆ.

"ಅಕಾರ್ಡಿಯನ್ನಾ? ಇಲ್ವಲ್ಲ. ಕೊಳಲಿನವಳು ಬರ್ತಾಳೆ ಅಂತ ಹೇಳಿದ್ಲಪ್ಪ, ಆಮೇಲೆ ಬಾಯೇ ಬಿಟ್ಟಿಲ್ಲ. ನೀವು ಬರ್ತೀರಾ ಇಲ್ವಾ?" ಅಂದ್ರು.

ಬರ್ತೀನಿ ಅಂದೆ.

ಆಮೇಲೆ ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಅಷ್ಟೂ ಕಾಗದದಲ್ಲಿ ಅಣ್ಣನನ್ನ ಅವರು, ಅವರು ಅಂತ ಬರೆದಿದ್ದೀಯ. ಕೊನೆಯದರಲ್ಲಿ ಮಾತ್ರ ಅವನು. ಆಗ ತಿಳೀತು, ನಾನೆಂಥ ಪೆದ್ದಿ ಅಂತ. ಕೀಲಿಕೈ ಅಂಗಡಿ ಕಥೆಯನ್ನ ನಾನು ಸಿನಿಮಾ ಕಥೆ ಹೇಳೋ ಹಾಗೆ ಕುಣೀತಾ ಬರೆದೆ. ನೀನು ಕೇಳ್ತಿಲ್ಲ ಕೇಳ್ತಿಲ್ಲ ಅಂತ ಪ್ರತಿ ಸಲ ಕೇಳ್ತಾನೇ ಇದ್ದೆ, ನನ್ನ ಕಿವಿಗೆ ಬೀಳಲಿಲ್ಲ. ನಾನು ನಿನ್ನ ಹಡಗಿಗೆ ಬರೋದು ಅಂದ್ರೆ ಆ ಮನೆ ನಿನ್ನ ಹತ್ತಿರಕ್ಕೆ ಬರೋದು ಅಂತ ನೀನು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಕೊಂಡಿದ್ದೆ, ಅಲ್ವಾ?

ಆ ಮನೆ ಬರಲ್ಲ ಕಣೇ. ಬರೋಳು ನಾನೊಬ್ಬಳೇ. ನಾದಿನಿಯಾಗಿ ಅಲ್ಲ. ಬೇಡ ಅಂದ್ರೆ ಧಕ್ಕೆ ಮೇಲೆ ನಿಂತು ಹೇಳು, ನಾನು ಅಲ್ಲಿಂದಲೇ ತಿರುಗಿ ಹೋಗ್ತೀನಿ. ಕಾಗದದಲ್ಲಿ ಹೇಳಿದ್ರೆ ಕೇಳಲ್ಲ.

ಮತ್ತೆ ಚೀಲ ತುಂಬಿಸಿದ,
ಏಣಿ


ಏಪ್ರಿಲ್ 28

ಅಣ್ಣಾ,

ನಿನ್ನ ಕಾಗದ ನಿನ್ನೆ ಧಕ್ಕೆಯಲ್ಲಿ ಸಿಕ್ಕಿತು. ಬಸ್ ನಿಲ್ದಾಣದಲ್ಲಿ ನಿನಗೆ ಎಲ್ಲ ಹೇಳಿ ಹೊರಟಾಗ, "ಅವಳು ನಿನ್ನನ್ನ ಹತ್ತಿಸಿಕೊಳ್ತಾಳಾ?" ಅಂತ ಕೇಳಿದ್ದೆಯಲ್ಲ. ಹೇಳ್ತೀನಿ ಕೇಳು.

ನಾನು ಬಂದಾಗ ಅವಳು ಹಿಂದಿನ ಡೆಕ್ಕಿನಲ್ಲಿ ದುಪ್ಪಟಿ ಒಣಗಿಸ್ತಿದ್ದಳು. ನನ್ನನ್ನ ನೋಡಿದಳು. ಬಾ ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ, ಇನ್ನೊಂದು ದುಪ್ಪಟಿ ಹಾಕಿ ನನಗೂ ಅವಳಿಗೂ ಮಧ್ಯೆ ಮರೆ ಮಾಡಿಕೊಂಡಳು. ಮ್ಯಾನೇಜರಮ್ಮ ಕೋಣೆ ತೋರಿಸಿದ್ರು. ನೋಡಿದ್ರೆ ಅವಳ ಕೋಣೆಯೇ! ಮೇಲೊಂದು ಮಂಚ, ಕೆಳಗೊಂದು ಮಂಚ. ಎರಡು ದಿನ ಒಂದೇ ಕೋಣೆಯಲ್ಲಿ ಮೂಗರ ಹಾಗಿದ್ವಿ. ಇಂಜಿನ್ ಮಾತ್ರ ಮಾತಾಡ್ತಿತ್ತು. ನಾನು ಡೆಕ್ಕಿನ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದೆನೋ, ಅಡುಗೆಯವರು "ಇವರು ನಡ್ಕೊಂಡೇ ಊರು ತಲುಪ್ತಾರೆ" ಅಂದ್ರು.

ಮೂರನೇ ದಿನ ಸಂಜೆ ಮೊದಲ ಸಲ ಬಾರಿಸಬೇಕಿತ್ತು. ಊಟದ ಹಾಲ್ ತುಂಬಾ ಜನ, ತಟ್ಟೆ ಚಮಚದ ಸದ್ದು, ತಲೆ ಮೇಲೆ ತಣ್ಣನೆ ಗಾಳಿ. ನಾಲ್ಕು ತುಂಡು ಜೋಡಿಸಿ ಊದಿದೆ. ನನಗೆ ನಡುಕ, ಕೊಳಲಿಗೆ ಏನೂ ಇಲ್ಲ. ಒಂದು ಉದ್ದ ಸ್ವರ ಹಿಡಿದೆ. ಅವಳು ನನ್ನ ಕಡೆ ನೋಡದೆ, ಕಿವಿ ಮಾತ್ರ ಈ ಕಡೆ ಕೊಟ್ಟು, ಅದಕ್ಕೆ ತಂತಿ ಬಿಗಿದಳು. ಸ್ವಲ್ಪ ಬಿಗಿದಳು, ಸ್ವಲ್ಪ ಸಡಿಲಿಸಿದಳು, ನನ್ನ ಉಸಿರು ಮುಗಿಯೋ ತನಕ ಬಿಡಲಿಲ್ಲ. ಆಮೇಲೆ ಕಾಲು ತಟ್ಟಿ ಶುರು ಮಾಡಿದಳು. ಕುಣಿತದ ಧಾಟಿ, ಒಳ್ಳೇ ಓಟ. ನಾನು ಎರಡು ಕಡೆ ತಪ್ಪಿದೆ. ಅವಳು ಬೇಕಂತಲೇ ಇನ್ನೂ ಜೋರಾಗಿ ಓಡಿದಳು. ಬಿಡ್ತೀನಾ? ನಾನೂ ಓಡಿದೆ. ಮುಗಿಯೋ ಹೊತ್ತಿಗೆ ಇಬ್ಬರಿಗೂ ಬೆವರು, ಜನ ಮೇಜು ಕುಟ್ತಿದ್ರು. "ಇನ್ನೂ ಅದೇ ಜಾಗದಲ್ಲಿ ತಪ್ತೀಯ" ಅಂದಳು. ಮೊದಲ ಮಾತು.

ಮಾರನೇ ದಿನ ಒಗೆಯೋ ಕೋಣೆಯಲ್ಲಿ ಅವಳ ಜೊತೆ ದುಪ್ಪಟಿ ಮಡಚ್ತಿದ್ದೆ. ಎರಡು ತುದಿ ಅವಳು, ಎರಡು ತುದಿ ನಾನು. ಮಡಚೋಕೆ ಹತ್ತಿರ ಬಂದಾಗ ಕೇಳಿದಳು.

"ಆ ಕೀಲಿಕೈಯವರು ಏನು ಹೇಳಿ ನಗಿಸ್ತಾರೆ ಅವರನ್ನ?"

"ದೊಡ್ಡ ಮಾತೇನೂ ಅಲ್ಲ ಕಣೇ. ಏನೋ ಅಂತಾರೆ" ಅಂದೆ.

"ನಾನು ಎಷ್ಟೊಂದು ಹೇಳ್ತಿದ್ದೆ. ಒಂದಕ್ಕೂ ನಗ್ತಿರಲಿಲ್ಲ." ಅಂದು, ನನ್ನ ಕೈಯಲ್ಲಿದ್ದ ತುದಿ ತಗೊಂಡು, ಆ ದುಪ್ಪಟಿಯನ್ನ ತಾನೊಬ್ಬಳೇ ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಮಡಚಿದಳು. ಅಳಲಿಲ್ಲ. ಯಂತ್ರದ ಹಬೆಯಲ್ಲಿ ಎಲ್ಲರ ಮುಖವೂ ಒದ್ದೆ ಇರುತ್ತೆ, ಹೇಳೋಕೂ ಬರಲ್ಲ. ನಾನು ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಉಳಿದ ಬಟ್ಟೆಯನ್ನೆಲ್ಲ ಇಬ್ಬರೂ ಸೇರಿ ಮುಗಿಸಿದ್ವಿ.

ಈಗ ದಿನಾ ಸಂಜೆ ಬಾರಿಸ್ತೀವಿ, ದಿನಾ ಜಗಳ ಆಡ್ತೀವಿ. ಮೊನ್ನೆ ನನ್ನ ಕೊಳಲಿನ ಮೇಲೆ ಯಾರೋ ಸೂಪು ಚೆಲ್ಲಿದ್ರು. ತೊಳೆದು ಮತ್ತೆ ಊದಿದೆ, ಅಷ್ಟೇ. ಆದ್ರೂ ಒಂದು ಮಾತು ನಿನಗೆ ಹೇಳ್ತೀನಿ, ಅವಳಿಗೆ ಹೇಳಿಲ್ಲ. ತುಂಬಾ ಸಣ್ಣಗೆ ಊದುವಾಗ ಮರದ್ದೇ ಬೇಕು ಅನ್ನಿಸುತ್ತೆ.

ಮರದ ಕೊಳಲು ಆಯ್ತು, ಬಂದು ತಗೊಂಡು ಹೋಗಿ ಅಂತ ಮೇಸ್ತ್ರಿ ಫೋನ್ ಮಾಡಿದ್ರು ಅಂತ ಬರೆದಿದ್ದೀಯ. ಓದಿ ನಾವಿಬ್ಬರೂ ಎಷ್ಟು ನಕ್ಕೆವು ಗೊತ್ತಾ? ನಾನು ಊರಲ್ಲಿದ್ದಾಗ ಮಿಸುಕಾಡ್ತಾ ಇದ್ದದ್ದು, ನಾನು ಹಡಗು ಹತ್ತಿದ ಕೂಡಲೇ ಸುಮ್ಮನಾಯ್ತಂತೆ! ಪಾರ್ಸಲ್ಲಿನಲ್ಲಿ ತರಿಸಬೇಡ. ನೀನೇ ಹೋಗು. ಅತ್ತಿಗೆಯನ್ನೂ ಕರ್ಕೊಂಡು ಹೋಗು. ನಾನು ಆಗಲೇ ಅತ್ತಿಗೆ ಅಂತ ಬರೆದುಬಿಟ್ಟೆ ನೋಡು. ದೂರದ ಬಸ್ಸು, ಕಿಟಕಿ ಪಕ್ಕ ಕೂತ್ಕೊ. ಒಂದು ದಿನ ಯಾರೂ ಲಿಫ್ಟಿನಲ್ಲಿ ಸತ್ತು ಹೋಗಲ್ಲ.

ತಂದ ಮೇಲೆ ನಿನಗೊಂದು ಕೆಲಸ ಇದೆ. ಹೊಸ ಮರದ ಕೊಳಲನ್ನ ಹಾಗೇ ಇಟ್ರೆ ಕೆಡುತ್ತೆ. ಉಸಿರಿನ ಪಸೆಗೆ ಅದು ನಿಧಾನಕ್ಕೆ ಒಗ್ಗಬೇಕು. ದಿನಾ ಸ್ವಲ್ಪ ಹೊತ್ತು ಯಾರಾದ್ರೂ ಊದಬೇಕು, ಆಮೇಲೆ ಬಟ್ಟೆಯಲ್ಲಿ ಒರೆಸಿ ಇಡಬೇಕು. ನನಗೆ ಬರಲ್ಲ ಅನ್ನಬೇಡ. ರಾಗ ಯಾರೂ ಕೇಳ್ತಿಲ್ಲ. ಬರೀ ಗಾಳಿ ಹೋದ್ರೂ ಸಾಕು. ಕೆಳಗಿನ ಮನೆಯವರು ಚಾವಣಿ ತಟ್ಟಿದ್ರೆ ತಟ್ಟಲಿ.

ಇದನ್ನ ಬರೆಯುವಾಗ ಅವಳು ಮೇಲಿನ ಮಂಚದಿಂದ ಬಗ್ಗಿ ನೋಡ್ತಿದ್ದಾಳೆ. ನಿನಗೆ ಏನಾದ್ರೂ ಬರೀಲಾ ಅಂತ ಕೇಳಿದೆ. ಬೇಡ ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಚೆನ್ನಾಗಿದ್ದಾಳೆ ಅಂತ ಬರಿ" ಅಂದಳು. ಅದು ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಅವಳು ಹೇಳಿದ ಹಾಗೆ ಬರೆದಿದ್ದೀನಿ.

ಗಂಟೆ ಹೊಡೀತು, ಮೇಲೆ ಜನ ಬಂದು ಕೂತಿರ್ತಾರೆ. ಹೊರಟೆ.

ನಿನ್ನ ತಂಗಿ